ಉದ್ದ ಫೋಟೊದ ಬಲತುದಿ

ಭಾವನನ್ನು ಅವಳು ಮೊದಲು ನೋಡಿದ್ದು ಬೆನ್ನ ಕಡೆಯಿಂದ. ಆಗ ಅವರು ಅವಳಿಗೆ ಭಾವನೂ ಅಲ್ಲ, ಪರಿಚಯದವರೂ ಅಲ್ಲ. ಅತಿಥಿಗೃಹದಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ ಅವಳಿಗೆ ಇನ್ನೂ ಒಂದು ವಾರ ತುಂಬಿರಲಿಲ್ಲ. ಹಿಂಡಿದ ಚಾದರಗಳ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ತಾರಸಿಯ ಮೆಟ್ಟಿಲು ಹತ್ತಿ ಬಂದರೆ, ಆಗಲೇ ಒಣಹಾಕಿ ಹೋಗಿದ್ದ ಮೊದಲ ಸಾಲಿನ ಎದುರು ಯಾರೋ ಒಬ್ಬರು ನಿಂತಿದ್ದರು. ತೆಳ್ಳಗಿನ ಮೈ. ಬೋಟ್ ಕಂಪನಿಯ ನೀಲಿ ಅಂಗಿ. ಬೆನ್ನ ಮೇಲಿನ ಬೆವರು ಒಣಗಿ ಉಪ್ಪಿನ ಗೆರೆಯಾಗಿತ್ತು. ಎಡಗಾಲಿನ ಚಪ್ಪಲಿಯ ಉಂಗುಟಕ್ಕೆ ತಂತಿ ಸುತ್ತಿತ್ತು. ಅವರು ಕೈಯಲ್ಲಿದ್ದ ಫೋನಿನ ಹಿಂಬದಿಯ ಗಾಜನ್ನು ಅಂಗಿಯ ಅಂಚಿನಿಂದ ಒರೆಸುವುದು, ಬಿಸಿಲಿಗೆ ಹಿಡಿದು ನೋಡುವುದು, ಮತ್ತೆ ಒರೆಸುವುದು ಮಾಡುತ್ತಿದ್ದರು. ಮಗುವಿನ ಮೂಗು ಒರೆಸುವ ತಾಯಿಗೂ ಅಷ್ಟು ತಾಳ್ಮೆ ಇರಲಿಕ್ಕಿಲ್ಲ.

ಹೆಜ್ಜೆಯ ಸದ್ದು ಕೇಳಿ, ತಿರುಗದೆಯೇ ಅವರು ಹೇಳಿದರು: “ತಂಗೀ, ಈ ಚಾದರ ಸ್ವಲ್ಪ ತೆಗೀತೀಯಾ? ಸಮುದ್ರ ಮುಚ್ಚಿಹೋಗಿದೆ.”

“ಸಮುದ್ರ ಎಲ್ಲಿಗೂ ಓಡಿಹೋಗಲ್ಲ. ಬಿಸಿಲು ಓಡಿಹೋಗುತ್ತೆ. ಚಾದರ ಒಣಗ್ಲಿ, ಆಮೇಲೆ ತಗೊಳ್ಳಿ ನಿಮ್ಮ ಫೋಟೊ.”

“ನನಗೂ ಬಿಸಿಲಿಂದೇ ಅವಸರ.”

ನೀರಿನ ಟ್ಯಾಂಕಿನ ಹಿಂದಿನಿಂದ ಯಾರೋ ಗಹಗಹಿಸಿ ನಕ್ಕರು. “ಅಣ್ಣಾ, ಸಿಕ್ಕಿದ್ರು ನೋಡು ನಿನಗೆ ಸರಿಯಾಗಿ ಜವಾಬು ಕೊಡೋರು!” ಎನ್ನುತ್ತಾ ಹೊರಬಂದವನೂ ಅಂಥದೇ ನೀಲಿ ಅಂಗಿ ತೊಟ್ಟಿದ್ದ. ಅಣ್ಣನಿಗಿಂತ ಗಿಡ್ಡ, ಕಣ್ಣಿನಲ್ಲಿ ಕಿಡಿಗೇಡಿತನ. ಅವಳನ್ನು ಕೇಳದೆಯೇ ಎರಡು ಚಾದರಗಳನ್ನು ಹಗ್ಗದ ಒಂದು ಪಕ್ಕಕ್ಕೆ ಸರಿಸಿದ. ಸರಿಸಿದ ಮೇಲೆ ಎದುರಿಗೆ ಕಂಡದ್ದು ಅವಳು ದಿನವೂ ನೋಡುತ್ತಿದ್ದದ್ದೇ: ತೆಂಗಿನ ತಲೆಗಳು, ಒಳಗಡಲಿನ ತಿಳಿನೀರು, ಆಚೆ ಅಲೆ ಒಡೆಯುವ ಬಿಳಿಗೆರೆ. ಇದರಲ್ಲಿ ಫೋಟೊ ತೆಗೆಯುವಂಥದ್ದು ಏನಿದೆಯೋ ಎಂದುಕೊಂಡು ಅವಳು ಬುಟ್ಟಿ ಹಿಡಿದೇ ನಿಂತಳು.

ಅಣ್ಣ ಹಿಮ್ಮಡಿ ಜೋಡಿಸಿದರು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡರು. ಉಸಿರು ಬಿಗಿಹಿಡಿದು, ಫೋನನ್ನು ನೆಟ್ಟಗೆ ಹಿಡಿದು, ಭರಣಿಯ ಮುಚ್ಚಳ ತಿರುಗಿದ ಹಾಗೆ ಸೊಂಟದಿಂದ ಮೇಲೆ ಮಾತ್ರ ಎಡದಿಂದ ಬಲಕ್ಕೆ ತಿರುಗತೊಡಗಿದರು. ಎಡತುದಿಯ ಗೋಡೆಯ ಬಳಿ ಹಕ್ಕಿಯಂತೆ ಕೈ ಚಾಚಿ ನಿಂತಿದ್ದ ತಮ್ಮ, ಫೋನು ತನ್ನನ್ನು ದಾಟಿದ್ದೇ ತಡ, ಬಗ್ಗಿ ಅಣ್ಣನ ಬೆನ್ನ ಹಿಂದಿನಿಂದ ಬಲಕ್ಕೆ ಓಡಿದ. ಓಡುತ್ತಲೇ ಬಕೆಟ್ಟಿಗೆ ಒದ್ದು “ಅಣ್ಣಾ, ಬಿದ್ದೆ!” ಎಂದು ಕೂಗಿದ. ಅವಳು ಬೆಚ್ಚಿ ಬುಟ್ಟಿ ಕೆಳಗೆ ಹಾಕಿದಳು. ಅಣ್ಣನ ಕಿವಿಯೂ ಅಲುಗಲಿಲ್ಲ. ಫೋನು ಬಲತುದಿಗೆ ಬರುವಷ್ಟರಲ್ಲಿ ತಮ್ಮ ಅಲ್ಲಿ ಸೊಂಟದ ಮೇಲೆ ಕೈಯಿಟ್ಟು, ದೊಡ್ಡ ಸಾಹುಕಾರನಂತೆ ನಿಂತಿದ್ದ.

ಆಮೇಲೆ ಅವಳಿಗೆ ಫೋಟೊ ತೋರಿಸಿದರು. ಇಡೀ ಕಡಲು ಒಂದು ಉದ್ದನೆಯ ಪಟ್ಟಿಯಲ್ಲಿ ಸೇರಿಕೊಂಡಿತ್ತು. ಎಡತುದಿಯಲ್ಲೂ ಅವನೇ, ಬಲತುದಿಯಲ್ಲೂ ಅವನೇ.

“ನೀವು ಅವಳಿ-ಜವಳಿನಾ?”

“ಇಲ್ಲ, ನಾನೊಬ್ಬನೇ,” ಎಂದ ತಮ್ಮ. “ಎರಡೂ ಕಡೆ ಇರ್ತೀನಿ, ಅಷ್ಟೆ.”

“ಅವನ ಮಾತು ಬಿಡು ತಂಗೀ,” ಎಂದರು ಅಣ್ಣ. “ಕಿರುಚಿ ನನ್ನ ಕೈ ನಡುಗಿಸ್ಬೇಕು ಅಂತ ಅವನ ಹಟ. ತಿರುಗಿ ನೋಡ್ಬಾರದು ಅಂತ ನನ್ನ ಹಟ. ಇವತ್ತಿನವರೆಗೆ ನಾನು ಸೋತಿಲ್ಲ.”

ಆ ತಮ್ಮನನ್ನೇ ಅವಳು ಮುಂದೆ ಮದುವೆಯಾದಳು. ಹೀಗೆ ಬೆನ್ನು ತೋರಿಸಿಕೊಂಡು ಪರಿಚಯವಾದವರು ಭಾವನಾದರು.

ಊರಿನಲ್ಲಿ ಅಣ್ಣನನ್ನು ಗೂಟ ಎನ್ನುತ್ತಿದ್ದರು, ತಮ್ಮನನ್ನು ಮಿಂಚುಳ್ಳಿ. ಅಂಗಿಯ ಬಣ್ಣಕ್ಕೂ ಸರಿ, ಕಾಲಿನ ಚುರುಕಿಗೂ ಸರಿ. ಇಬ್ಬರೂ ಮೊದಲು ಪ್ರವಾಸಿಗರ ಬೋಟಿನಲ್ಲಿ ಕೆಲಸಕ್ಕಿದ್ದವರು. ಬೋಟಿನಿಂದ ಇಳಿದವರೆಲ್ಲ ಫೋನನ್ನು ಇವರ ಕೈಗಿಟ್ಟು “ಒಂದು ತೆಗೀರಿ” ಎನ್ನುತ್ತಿದ್ದರಂತೆ. ತೆಗೆಯುತ್ತ ತೆಗೆಯುತ್ತ ಅಣ್ಣನಿಗೆ ಅದೇ ಹುಚ್ಚು ಹಿಡಿಯಿತು. ತಾನೇ ಒಂದು ಫೋನು ಕೊಂಡು, ಬೋಟ್ ಬಂದ ದಿನ ಬಂದವರನ್ನು ದ್ವೀಪವೆಲ್ಲ ಸುತ್ತಿಸಿ ಫೋಟೊ ತೆಗೆದುಕೊಡುವುದನ್ನೇ ಕಸುಬು ಮಾಡಿಕೊಂಡರು. ಬೋಟ್ ಬರದ ದಿನ ಅತಿಥಿಗೃಹದವರಿಗೂ ಬೋಟ್ ಕಂಪನಿಯವರಿಗೂ ಕಡಲು, ಮರಳು, ಗುಡ್ಡಗಳ ಫೋಟೊ.

ಮನೆಯೆಂದರೆ ಎರಡು ಕೋಣೆ, ತಗಡಿನ ಮಾಡು. ಮನೆಗೆಲ್ಲ ಇದ್ದದ್ದು ಒಂದೇ ಪ್ಲಗ್ಗು, ಅದೂ ಒಲೆಯ ಪಕ್ಕದಲ್ಲಿ. ಭಾವನ ಫೋನು ಅಲ್ಲಿ ಮೊಳೆಗೆ ಸಿಕ್ಕಿಸಿದ ಚೀಲದಲ್ಲಿ ಚಾರ್ಜಿಗೆ ತೂಗುತ್ತಿರುವಾಗ ಯಾರೂ ಒಗ್ಗರಣೆ ಹಾಕುವಂತಿರಲಿಲ್ಲ. ಎಣ್ಣೆಯ ಹೊಗೆ ಗಾಜಿಗೆ ಕೂರುತ್ತದೆ ಎಂದು ಅವರ ತಕರಾರು.

“ಮನುಷ್ಯರಿಗಿಂತ ಅದಕ್ಕೇ ಉಪಚಾರ ಜಾಸ್ತಿ,” ಎಂದು ಅತ್ತೆ ಗೊಣಗುತ್ತಿದ್ದರು. “ಇವನಿಗೆ ಹೆಣ್ಣು ನೋಡೋಕೆ ಹೋದಾಗ ಏನಾಯ್ತು ಗೊತ್ತೇನೇ? ಹುಡುಗಿ ತಟ್ಟೆ ಹಿಡಿದು ನಿಂತೇ ಇದಾಳೆ, ಇವನು ಅವಳ ಹಿಂದಿದ್ದ ಕಿಟಕಿ ನೋಡ್ತಾ ಕೂತ. ಹುಡುಗಿ ಹೇಗಿದಾಳೋ ಅಂದ್ರೆ, ಬೆಳಕು ಚೆನ್ನಾಗಿತ್ತಮ್ಮ ಅಂದ!”

ಭಾವ ನಗುತ್ತಿದ್ದರು. ಆ ಬೆಳಕಿನ ಮಾತು ತಮಾಷೆಯಲ್ಲ ಎಂದು ಅವಳಿಗೆ ಬರಬರುತ್ತ ಗೊತ್ತಾಯಿತು. ನಡುಹಗಲಿನಲ್ಲಿ ಅವರು ಕಡಲಿನ ಕಡೆ ಫೋನು ಎತ್ತುತ್ತಲೇ ಇರಲಿಲ್ಲ. ಬೆಳಗಿನ ಹೊತ್ತು, ಮರಳಿನ ಮೇಲೆ ಏಡಿಗಳ ಕಾಲಿನ ಗುರುತು ಕಾಣುವಷ್ಟು ಬಿಸಿಲು ಓರೆಯಾಗಿರುವಾಗ ತೆಗೆಯುತ್ತಿದ್ದರು. ನೀರಿನ ಹತ್ತಿರ ಫೋನನ್ನು ತಲೆಕೆಳಗು ಮಾಡಿ ಹಿಡಿಯುತ್ತಿದ್ದರು, ಸಣ್ಣ ಅಲೆಯೂ ಗುಡ್ಡದಷ್ಟು ಎದ್ದು ಕಾಣಲಿ ಎಂದು. ಎಷ್ಟೇ ಚಂದದ ಜಾಗವಿದ್ದರೂ ದೂರದಲ್ಲಿ ಒಬ್ಬ ಮನುಷ್ಯ ಬೇಕು ಎನ್ನುತ್ತಿದ್ದರು. “ಮನುಷ್ಯ ಇಲ್ದಿದ್ರೆ ಕಡಲು ಎಷ್ಟು ದೊಡ್ಡದು ಅಂತ ಹೇಗೆ ಗೊತ್ತಾಗ್ಬೇಕು ತಂಗೀ?” ಆ ಮನುಷ್ಯ ಯಾವಾಗಲೂ ಅವಳ ಗಂಡನೇ. ಭಾವನ ಫೋನಿನಲ್ಲಿದ್ದ ಬಹುತೇಕ ಎಲ್ಲ ಫೋಟೊಗಳಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ನೀಲಿ ಇದ್ದೇ ಇರುತ್ತಿತ್ತು.

ಪ್ರವಾಸಿಗರು ಮಾತ್ರ ಕೇಳುತ್ತಿದ್ದದ್ದು ಗುಡ್ಡದ ಮೇಲಿನ ಉದ್ದ ಫೋಟೊವನ್ನು. ಅಲ್ಲಿ ನಿಂತರೆ ಒಳಗಡಲು, ಜೆಟ್ಟಿ, ಊರಿನ ಮಾಡುಗಳು ಎಲ್ಲ ಒಂದೇ ನೋಟಕ್ಕೆ ಸಿಗುತ್ತಿದ್ದವು. ಹಾಗೆ ನಿಂತವರ ಬೆನ್ನಿಗೆ ನಾಲ್ಕು ಮಾರಿನಷ್ಟು ಬಂಡೆ, ಬಂಡೆಯಾಚೆ ಕಡಿದ ಹಾಗೆ ಇಳಿಜಾರು, ಕೆಳಗೆ ಹೊರಗಡಲು. ಆ ಬಂಡೆಯ ಮೇಲೆಯೇ ಮಿಂಚುಳ್ಳಿ ಎಡದಿಂದ ಬಲಕ್ಕೆ ಓಡುತ್ತಿದ್ದದ್ದು. ಬಲತುದಿಯಲ್ಲಿ ಒಂದು ಬಾಗಿದ ತೆಂಗಿನಮರ. ಅದರ ಬುಡದಿಂದ ಒಂದು ಕಾಲುದಾರಿ ನೇರ ಜೆಟ್ಟಿಗೆ ಇಳಿಯುತ್ತಿತ್ತು. ಫೋಟೊ ಮುಗಿಯುವಷ್ಟರಲ್ಲಿ ಅವನು ಆ ಮರಕ್ಕೆ ಒರಗಿ, ಎಂದಿನಿಂದಲೋ ಅಲ್ಲೇ ಇದ್ದವನ ಹಾಗೆ ಆಕಳಿಸುತ್ತಿದ್ದ. ಪ್ರವಾಸಿಗರು ಬಿದ್ದು ಬಿದ್ದು ನಗುತ್ತಿದ್ದರು.

ಅವನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಒಂದು ಕಾಲು ಹೊಸಿಲಿನಾಚೆ. “ಒಂದಿನ ನಿನ್ನ ಬೆನ್ನ ಹಿಂದೆ ಓಡ್ತಾ ಓಡ್ತಾ ಹಾಗೇ ಬೋಟ್ ಹತ್ತಿಬಿಡ್ತೀನಿ ಅಣ್ಣ. ನೀನು ಫೋಟೊ ಮುಗಿಸೋಷ್ಟರಲ್ಲಿ ನಾನು ಆಚೆ ದಡ,” ಎನ್ನುತ್ತಿದ್ದ.

“ಹೋಗಿ, ಯಾರು ಬೇಡ ಅಂದ್ರು? ಹೋಗೋ ಮುಂಚೆ ನೀರು ತುಂಬಿಸಿಟ್ಟು ಹೋಗಿ,” ಎನ್ನುತ್ತಿದ್ದಳು ಅವಳು.

ಆ ಬೆಳಗ್ಗೆ ಮಳೆಗಾಲ ಕಳೆದು ಗಾಳಿ ತೊಳೆದಿಟ್ಟ ಹಾಗಿತ್ತು. ಅತಿಥಿಗೃಹದ ಮಾಲೀಕರು ಮುಂದಿನ ಕೋಣೆಯ ಗೋಡೆಗೆ ತೂಗುಹಾಕಲು ಒಂದು ದೊಡ್ಡ ಉದ್ದ ಫೋಟೊ ಬೇಕೆಂದಿದ್ದರು. ಬೋಟ್ ಬಂದು ಜನ ಗುಡ್ಡ ಹತ್ತುವ ಮುಂಚೆ ತೆಗೆಯೋಣವೆಂದು ಅಣ್ಣತಮ್ಮ ಇಬ್ಬರೇ ಹೊರಟರು. ಗಂಡ ನಿಂತೇ ಚಹಾ ಕುಡಿದ. “ಅಂಗಿ ಇನ್ನೂ ಒದ್ದೆ ಇದೆಯಲ್ಲೇ,” ಎಂದ. “ಹಾಗೇ ಹಾಕ್ಕೊಳ್ಳಿ. ಓಡಿದ್ರೆ ಒಣಗುತ್ತೆ,” ಎಂದಳು. ಆಡಿದ ಕೊನೆಯ ಮಾತು ಅದು.

ಮುಂದಿನದನ್ನು ಭಾವ ಯಾರು ಕೇಳಿದರೂ ಒಂದೇ ರೀತಿ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ತಮ್ಮ ಎಡಗಡೆ ನಿಂತ. ಫೋನು ಅವನನ್ನು ದಾಟಿತು. ಬೆನ್ನ ಹಿಂದೆ ಓಡಿದ ಸದ್ದು ಕೇಳಿತು. ನಡುವಿನಲ್ಲಿ ಎಲ್ಲೋ “ಅಣ್ಣಾ” ಎಂದ. ದಿನವೂ ಅನ್ನುತ್ತಿದ್ದ. ನಾನು ತಿರುಗಲಿಲ್ಲ. ದಿನವೂ ತಿರುಗುತ್ತಿರಲಿಲ್ಲ. ಫೋಟೊ ಮುಗಿಸಿ ಫೋನು ಇಳಿಸಿ ನೋಡಿದರೆ ಮರದ ಬಳಿ ಯಾರೂ ಇರಲಿಲ್ಲ.

ಅಡಗಿಕೊಂಡು ಆಟವಾಡಿಸುತ್ತಿದ್ದಾನೆ ಎಂದೇ ಭಾವ ತಿಳಿದಿದ್ದರು. “ಸಾಕು ಬಾರೋ,” ಎಂದು ಕರೆದರು. ಬಂಡೆಗಳ ಸಂದಿಯಲ್ಲಿ ಹುಡುಕಿದರು. “ನಾನು ಹೊರಟೆ ನೋಡು,” ಎಂದು ಹೆದರಿಸಲು ಅರ್ಧ ಗುಡ್ಡ ಇಳಿದು, ಕಾದು, ಮತ್ತೆ ಹತ್ತಿದರು. ಕೊನೆಗೆ ಮನೆಯ ಬಾಗಿಲಿಗೆ ಬಂದು, ನಗುಮುಖದಲ್ಲೇ, “ಇವನು ಬಂದ್ನಾ?” ಎಂದರು. ಅವಳು ಆಗ ಒಲೆಯಿಂದ ಪಾತ್ರೆ ಇಳಿಸುತ್ತಿದ್ದಳು. ಅತ್ತೆ ಮಗನ ಮುಖ ನೋಡಿದರು. ಆ ನಗು ಭಾವನ ಮುಖದಿಂದ ಇಳಿದುಹೋದದ್ದನ್ನು ಅವಳು ಇಂದಿಗೂ ಮರೆತಿಲ್ಲ.

ದೋಣಿಗಳು ಹೋದವು. ಗುಡ್ಡದ ಹಿಂದೆ ನೀರಿನ ಸೆಳೆತ ಜೋರು, ಅಲ್ಲಿ ಬಿದ್ದದ್ದು ದಡಕ್ಕೆ ಬರುವುದಿಲ್ಲ, ಹೊರಕ್ಕೇ ಹೋಗುತ್ತದೆ ಎಂದು ಮೀನುಗಾರರು ಹೇಳಿದರು. ಏನೂ ಸಿಗಲಿಲ್ಲ. ಅದೇ ಬೆಳಗ್ಗೆ ದೊಡ್ಡ ಬೋಟ್ ಬಂದು, ಜನರನ್ನು ಇಳಿಸಿ, ಜೆಟ್ಟಿ ಬಿಟ್ಟಿತ್ತು. ಅದರಲ್ಲಿ ನೀಲಿ ಅಂಗಿಯವನೊಬ್ಬನನ್ನು ಕಂಡೆ ಎಂದು ಚಹಾದಂಗಡಿಯವನು ಹೇಳಿದ. ಬೋಟಿನ ಅರ್ಧ ಜನ ನೀಲಿ ಅಂಗಿಯವರೇ. ಆದರೂ ಮಾತು ಊರೆಲ್ಲ ಸುತ್ತಿತು. ಹೇಳುತ್ತಲೇ ಇದ್ದನಲ್ಲ, ಹೋಗುತ್ತೇನೆ ಎಂದು. ಹೋದ.

ಕೆಲವು ದಿನಗಳಾದ ಮೇಲೆ ಭಾವ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, “ನೋಡು ತಂಗೀ,” ಎಂದು ಫೋನು ಚಾಚಿದರು. ಆ ದಿನದ ಫೋಟೊ. ಎಡತುದಿಯಲ್ಲಿ ಗಂಡ, ಹಲ್ಲು ಕಾಣುವ ಹಾಗೆ ನಗುತ್ತಿದ್ದಾನೆ. ನಡುವೆ ಕಡಲು, ಊರು. ಬಲತುದಿಯಲ್ಲಿ ಬಾಗಿದ ತೆಂಗು. ಅದರ ಪಕ್ಕದಲ್ಲಿ, ಫೋಟೊ ಮುಗಿಯುವ ಅಂಚಿನಲ್ಲಿ, ಉಗುರಿನಷ್ಟು ಅಗಲದ ಒಂದು ನೀಲಿ ಗೀರು. ತಲೆಯಿಲ್ಲ, ಕಾಲಿಲ್ಲ.

“ಅವನು ಇಲ್ಲಿಗೆ ತಲುಪಿದಾನೆ. ನಿಂತಿಲ್ಲ, ಓಡ್ತಾ ಇದ್ದ, ಅದಕ್ಕೇ ಮುಖ ಬಂದಿಲ್ಲ. ಅಲುಗಿದ್ದು ಉದ್ದ ಫೋಟೊದಲ್ಲಿ ಹೀಗೇ ಹರಿದುಹೋಗುತ್ತೆ.”

ಅದು ಸುಳ್ಳಲ್ಲ. ಅರ್ಧ ಮೈಯ ನಾಯಿ, ನಡು ಇಲ್ಲದ ದೋಣಿ ಹೀಗೆ ಎಷ್ಟನ್ನೋ ಅವಳು ಅದೇ ಫೋನಿನಲ್ಲಿ ನೋಡಿ ನಕ್ಕಿದ್ದಳು. ಎರಡು ಬೆರಳಿನಿಂದ ಆ ಗೀರನ್ನು ದೊಡ್ಡದು ಮಾಡಿದಳು. ದೊಡ್ಡದಾದಷ್ಟೂ ಅದು ಚೌಕ ಚೌಕವಾಗಿ ಒಡೆಯಿತೇ ಹೊರತು ಮನುಷ್ಯನಾಗಲಿಲ್ಲ.

ಮರದ ಬುಡಕ್ಕೆ ತಲುಪಿದ್ದರೆ ಅವನು ಬಿದ್ದಿಲ್ಲ. ಕಾಲುದಾರಿ ಇಳಿದು ಬೋಟ್ ಹತ್ತಿದ್ದಾನೆ. ಹಾಗಾದರೆ ಬದುಕಿದ್ದಾನೆ, ತನ್ನನ್ನು ಬಿಟ್ಟು ಬದುಕಿದ್ದಾನೆ. ತಲುಪಿಲ್ಲವಾದರೆ ಬಿಟ್ಟುಹೋಗಲಿಲ್ಲ, ಸತ್ತಿದ್ದಾನೆ. ಸತ್ತನೆಂದರೆ ಅಳಬಹುದಿತ್ತು, ಓಡಿಹೋದನೆಂದರೆ ಬೈಯಬಹುದಿತ್ತು. ಎರಡಕ್ಕೂ ಅವಳಿಗೆ ಬಾಯಿ ಬರಲಿಲ್ಲ.

ವರ್ಷ ಕಳೆಯಿತು. ಇನ್ನೊಂದೂ ಕಳೆಯುತ್ತ ಬಂತು. ಭಾವ ಉದ್ದ ಫೋಟೊ ತೆಗೆಯುವುದನ್ನು ಬಿಟ್ಟುಬಿಟ್ಟರು. ಕೇಳಿದವರಿಗೆ “ಈ ಫೋನಲ್ಲಿ ಅದು ಬರಲ್ಲ” ಎನ್ನುತ್ತಿದ್ದರು. ಬಿಡಿ ಫೋಟೊಗಳನ್ನಷ್ಟೇ ತೆಗೆಯುತ್ತಿದ್ದರು. ತೆಗೆದ ಪ್ರತಿಯೊಂದನ್ನೂ ಸಂಜೆ ಕೂತು ಮೂಲೆಮೂಲೆಗೆ ಹಿಗ್ಗಿಸಿ ನೋಡುತ್ತಿದ್ದರು. ದೂರದ ಒಬ್ಬ ಮನುಷ್ಯ ಈಗ ಯಾವ ಫೋಟೊದಲ್ಲೂ ಇರಲಿಲ್ಲ. ಕಡಲು ಎಷ್ಟು ದೊಡ್ಡದೆಂದು ಹೇಳುವವರಿಲ್ಲದೆ ಅದು ಎಲ್ಲೆಲ್ಲಿಗೋ ಹಬ್ಬಿಕೊಂಡ ಹಾಗೆ ಅವಳಿಗೆ ಅನಿಸುತ್ತಿತ್ತು.

ಭಾವ ಗೋಡೆಗೆ ಬೆನ್ನು ಕೊಡದೆ ಎಲ್ಲೂ ಕೂರುತ್ತಿರಲಿಲ್ಲ. ತುತ್ತು ಬಾಯಿಗಿಡುವಾಗ ಥಟ್ಟನೆ ತಿರುಗಿ “ಆಂ?” ಎನ್ನುತ್ತಿದ್ದರು. ಯಾರೂ ಕರೆದಿರುತ್ತಿರಲಿಲ್ಲ.

“ಸತ್ತೋರ ಕಾಟ ಗೊತ್ತು, ಬದುಕಿರೋರ ಕಾಟವೂ ಗೊತ್ತು,” ಎನ್ನುತ್ತಿದ್ದರು ಅತ್ತೆ. “ಇದ್ಯಾವ ಕಾಟ ಅಂತ ಹೇಳೇ ನನಗೆ.”

ಅವಳು ಏನು ಹೇಳಬೇಕು? ಅವಳಿಗೇ ತಾರಸಿಯಲ್ಲಿ ನೆಮ್ಮದಿ ಇರಲಿಲ್ಲ. ಚಾದರಗಳ ಸಾಲುಗಳ ನಡುವೆ ಬಗ್ಗಿ ಕ್ಲಿಪ್ಪು ಹೆಕ್ಕುವಾಗ, ಆಚೆ ಸಾಲಿನ ಕೆಳಗೆ ಎರಡು ಕಾಲು ಓಡಿಹೋದ ಹಾಗಾಗುತ್ತಿತ್ತು. ಒದ್ದೆ ಕಾಲು. ಚಾದರ ಸರಿಸಿದರೆ ಬರೀ ಬಿಸಿಲು. ಒಂದು ಸಲ ನೆಲದ ಮೇಲೆ ಪಾದದಷ್ಟು ಉದ್ದದ ನೀರಿನ ಗುರುತೇ ಕಂಡಿತು. ಹಿಂಡಿದ ಬಟ್ಟೆಯಿಂದ ತೊಟ್ಟಿಕ್ಕಿದ ನೀರು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಅದು ಆರಿಹೋಗುವವರೆಗೆ ಅಲ್ಲೇ ನಿಂತಿದ್ದಳು. ಇದ್ದಕ್ಕಿದ್ದಂತೆ ಹಿಂದಿನಿಂದ ಬಂದು ಹೆದರಿಸುವುದು ಅವನ ಅಭ್ಯಾಸವಾಗಿತ್ತು. ಹಿಂದಿನಿಂದ ಬರುವುದಷ್ಟೇ ಉಳಿದು, ಹೆದರಿಸಿ ನಗುವುದು ಇಲ್ಲವಾಗಿತ್ತು.

ಹೀಗಿರುವಾಗ ಅತಿಥಿಗೃಹದ ಮಾಲೀಕರು ಆಚೆ ದಡದ ಪಟ್ಟಣದಲ್ಲಿ ಇನ್ನೊಂದು ದೊಡ್ಡ ವಸತಿಗೃಹ ತೆರೆದರು. ಅಲ್ಲಿಯ ಬಟ್ಟೆ ಒಗೆಯುವ ವಿಭಾಗವನ್ನು ನೋಡಿಕೊಳ್ಳಲು ಅವಳೇ ಆಗಬೇಕೆಂದು ಮೇಲ್ವಿಚಾರಕಿ ಪಟ್ಟು ಹಿಡಿದಳು.

“ನಾಳಿದ್ದು ಹೇಳ್ಬೇಕು ನೀನು. ಆಮೇಲೆ ಬೇರೆಯವ್ರನ್ನ ನೋಡ್ತಾರೆ.”

“ಅವರು ಬಂದ್ರೆ ಏನು ಮಾಡ್ಲಿ ಅಕ್ಕ?”

“ಬಂದ್ರೆ ಅಲ್ಲಿಗೂ ಬೋಟ್ ಇದೆ. ಬರದಿದ್ರೆ? ಇಲ್ಲಿ ಕೂತು ಏನನ್ನ ಕಾಯ್ತೀಯ, ನನ್ನ ಚಾದರಗಳನ್ನಾ?”

ಅವಳಿಗೆ ನಗು ಬಂತು, ಜೊತೆಗೇ ಸಿಟ್ಟೂ ಬಂತು. ಹೋಗಬೇಕೆಂಬ ಆಸೆ ಇತ್ತು. ಆದರೆ ಕಾಯುವವಳಾಗಿ ಹೋಗುವುದೋ, ಕಳೆದುಕೊಂಡವಳಾಗಿ ಹೋಗುವುದೋ ತಿಳಿಯದೆ ಬೋಟಿಗೆ ಕಾಲಿಡಲು ಆಗುವಂತಿರಲಿಲ್ಲ. ಮಾರನೆಯ ಬೆಳಗ್ಗೆ ಭಾವ ಚೀಲದಿಂದ ಫೋನು ತೆಗೆದುಕೊಳ್ಳುವಾಗ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

“ಭಾವ, ಗುಡ್ಡಕ್ಕೆ ಹೋಗೋಣ. ನನಗೊಂದು ಉದ್ದ ಫೋಟೊ ಬೇಕು.”

“ಬೇರೆ ಏನಾದ್ರೂ ಕೇಳು ತಂಗೀ.”

“ಬೇರೆ ಏನೂ ಬೇಡ. ಆ ನೀಲಿ ಗೀರು ಇದೆಯಲ್ಲ, ಅವರು ಓಡಿದ್ರೆ ಹಾಗೆ ಬರುತ್ತೆ ಅಂದ್ರಲ್ಲ. ಓಡದಿದ್ರೆ ಅಲ್ಲಿ ಏನು ಬರುತ್ತೆ ಅಂತ ನೋಡಬೇಕು.”

ಭಾವ ಫೋನನ್ನು ತಿರುಗಿಸಿ ಹಿಡಿದರು. ಗಾಜನ್ನು ಒರೆಸಿದರು. ಮತ್ತೆ ಒರೆಸಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು.

ಗುಡ್ಡದ ದಾರಿಯಲ್ಲಿ ಹುಲ್ಲು ಬೆಳೆದಿತ್ತು. ಮಳೆ ನಿಂತ ಹೊಸತು, ಆ ವರ್ಷದ ಹಾಗೆಯೇ. ಹೊರಗಡಲಿನ ಗಾಳಿ ಬಂಡೆಯ ಮೇಲೆ ಎಡೆಬಿಡದೆ ಬೀಸುತ್ತಿತ್ತು. ಭಾವ ಹಾದಿ ಮುಗಿಯುವ ಕಡೆ, ಎಡಗಡೆಯ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. “ನನ್ನ ಕೈಲಿ ಆಗಲ್ಲ,” ಎಂದರು.

“ಹಾಗಾದ್ರೆ ನಾನೇ ತೆಗೀತೀನಿ. ಕೊಡಿ.”

ಫೋನು ಕೊಡುವಾಗ ಅಭ್ಯಾಸ ಬಲದಿಂದ, “ಪಟ್ಟಿ ಕೊರಳಿಗೆ ಹಾಕ್ಕೊ,” ಎಂದರು. ಫೋನಿನ ಕವಚಕ್ಕೆ ಬೋಟ್ ಕಂಪನಿಯವರ ಅಗಲವಾದ ನೀಲಿ ಪಟ್ಟಿಯೊಂದು ಕಟ್ಟಿತ್ತು. ಗುಡ್ಡದ ಮೇಲೆ ಕೈ ಜಾರಿದರೆ ಫೋನು ಕಡಲಿಗೇ ಹೋಗುತ್ತದೆಂದು, ಅದನ್ನು ಕೊರಳಿಗೆ ಹಾಕಿಕೊಳ್ಳದೆ ಅಲ್ಲಿ ಯಾರೂ ಫೋನು ಮುಟ್ಟಬಾರದೆಂಬುದು ಅವರ ಕಟ್ಟುನಿಟ್ಟು. ಅವಳು ಹಾಕಿಕೊಂಡಳು. ಹಿಮ್ಮಡಿ ಜೋಡಿಸಿದಳು. ಮೊಣಕೈ ಪಕ್ಕೆಗೆ ಒತ್ತಿದಳು.

ಪರದೆಯ ಮೇಲೆ ಒಂದು ಗೆರೆ, ಗೆರೆಯ ಮೇಲೆ ಒಂದು ಬಾಣ. ಬಾಣ ಗೆರೆ ಬಿಡಬಾರದು, ಅಷ್ಟೇ. ಎಡದಿಂದ ತಿರುಗತೊಡಗಿದಳು. ಒಳಗಡಲು ಬಂತು. ಊರು ಬಂತು. ಜೆಟ್ಟಿ ಕಾಣಿಸುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ಓಡಿದರು.

ಸಂದೇಹವೇ ಇಲ್ಲ, ಕಲ್ಲಿನ ಮೇಲೆ ಪಾದ ಬಡಿದ ಸದ್ದು. ಎಡದಿಂದ ಬಲಕ್ಕೆ. ಚುರುಕಾದ, ಬರಿಗಾಲಿನ, ಗೊತ್ತಿರುವ ಓಟ. ತಿರುಗಬೇಕೆಂದು ಜೀವ ಕೂಗಿತು. ಕೈ ಮಾತ್ರ ಬಾಣದ ಹಿಂದೆಯೇ ಹೋಗುತ್ತಿತ್ತು, ತನ್ನ ಕೈಯಲ್ಲವೇನೋ ಎಂಬಂತೆ. ಭಾವ ಏಕೆ ತಿರುಗಲಿಲ್ಲ ಎಂದು ಮನಸ್ಸಿನಲ್ಲೇ ಎಷ್ಟೋ ಸಲ ಕೇಳಿಕೊಂಡಿದ್ದಳು. ಈಗ ಕೇಳುವಂಥದ್ದೇನೂ ಉಳಿಯಲಿಲ್ಲ. ಓಟದ ಸದ್ದು ನಡುವಿನಲ್ಲೇ ನಿಂತಿತು. ಬಾಗಿದ ತೆಂಗಿನವರೆಗೆ ತಿರುಗಿ, ಅವಳು ಫೋನು ಇಳಿಸಿದಳು.

“ಭಾವ, ನನ್ನ ಹಿಂದೆ ಓಡಾಡಿದ್ರಾ?”

“ನಾನು ಇಲ್ಲೇ ಕೂತಿದೀನಲ್ಲ,” ಎಂದರು. ಅವರು ಕೂತಲ್ಲೇ ಇದ್ದರು. ಸುತ್ತ ಬೇರೆ ಯಾರೂ ಇರಲಿಲ್ಲ.

ಅವಳು ಫೋಟೊ ತೆರೆದಳು. ಬಲತುದಿ. ತೆಂಗಿನಮರ. ಅದರ ಪಕ್ಕದಲ್ಲಿ, ಅಂಚಿನಲ್ಲಿ, ಉಗುರಿನಷ್ಟು ಅಗಲದ ನೀಲಿ ಗೀರು.

ಅವಳು ಫೋನಿನಿಂದ ತಲೆಯೆತ್ತಿದಳು. ಮರದ ಕಡೆ ನೋಡಿದಳು. ಭಾವ ಎದ್ದು ಬಂದು ಫೋನು ನೋಡಿದರು, ಅವರೂ ಮರದ ಕಡೆ ನೋಡಿದರು. ಬುಡದಲ್ಲಿ ಹುಲ್ಲು ಗಾಳಿಗೆ ಮಲಗಿ ಏಳುತ್ತಿತ್ತು. ಆ ಗಳಿಗೆಯಲ್ಲಿ ಭಾವ “ಬಂದಿದಾನೆ ನೋಡು” ಎಂದಿದ್ದರೆ ಅವಳು ನಂಬಿಬಿಡುತ್ತಿದ್ದಳು. ನಂಬಿ, ಆ ದ್ವೀಪದಲ್ಲೇ ಮುದುಕಿಯಾಗುತ್ತಿದ್ದಳು. ಭಾವ ಹಾಗೆನ್ನಲಿಲ್ಲ. ಫೋಟೊವನ್ನು ಹಿಗ್ಗಿಸಿದರು. ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಅವರ ನೋಟ ಫೋನಿನಿಂದ ಎದ್ದು ಅವಳ ಕೊರಳಿಗೆ ಬಂತು.

“ಬಲಗಡೆ ತಿರುಗಿ ನಿಲ್ಲು, ಕೊನೇಲಿ ನಿಂತ ಹಾಗೆ,” ಎಂದರು. ನಿಂತಳು. ಹಾಗೆ ನಿಂತರೆ ಹೊರಗಡಲಿನ ಗಾಳಿ ಸರಿಯಾಗಿ ಬೆನ್ನಿಗೆ ಬೀಳುತ್ತಿತ್ತು. ಕೊರಳಿಂದ ಇಳಿಬಿದ್ದ ಪಟ್ಟಿಯ ಕುಣಿಕೆ ಮುಂದಕ್ಕೆ ಹಾರಿ, ಫೋನಿನ ಬದಿಯನ್ನು ಸುತ್ತಿ, ಗಾಜಿನ ಮುಂದೆ ಪಟಪಟ ಬಡಿಯುತ್ತಿತ್ತು.

ಭಾವ ಅವಳ ಕೊರಳಿಂದ ಪಟ್ಟಿಯನ್ನು ತೆಗೆದು, ಕವಚದಿಂದಲೂ ಬಿಡಿಸಿ, ತಮ್ಮ ಮುಷ್ಟಿಗೆ ಸುತ್ತಿಕೊಂಡರು. ಅವರ ಕೈ ನಡುಗುತ್ತಿದ್ದದ್ದನ್ನು ಅವಳು ಮೊದಲ ಸಲ ನೋಡಿದಳು.

“ಇನ್ನೊಂದು ಸಲ ತೆಗಿ. ನಾನು ಹಿಂದೆ ನಿಂತಿರ್ತೀನಿ.”

ತೆಗೆದಳು. ಈ ಸಲ ಬೆನ್ನ ಹಿಂದೆ ಭಾವನ ಉಸಿರಿನ ಸದ್ದಷ್ಟೇ ಇತ್ತು. ಬಲತುದಿಯಲ್ಲಿ ಮರ ಬಂತು, ಆಕಾಶ ಬಂತು. ಬೇರೇನೂ ಬರಲಿಲ್ಲ.

“ಸ್ವಚ್ಛವಾಗಿ ಬಂದಿದೆ,” ಎಂದರು ಭಾವ, ಪ್ರವಾಸಿಗರಿಗೆ ಹೇಳುವ ಅದೇ ದನಿಯಲ್ಲಿ.

ಇಷ್ಟು ವರ್ಷ ಇದು ಕಣ್ಣಿಗೆ ಬೀಳದೆ ಹೋದದ್ದು ಹೇಗೆಂದು ಅವರೇ ಮೆಲ್ಲಗೆ ಬಿಡಿಸಿ ಹೇಳಿದರು. ಬರೀ ಕಡಲಿನ ಉದ್ದ ಫೋಟೊಗಳ ಎರಡೂ ತುದಿಗಳನ್ನು ಅವರು ತೆಗೆದ ಕೂಡಲೇ ಕತ್ತರಿಸಿಬಿಡುತ್ತಿದ್ದರು. ತಮ್ಮನಿರುವ ಫೋಟೊಗಳಲ್ಲಿ ಆ ಜಾಗದಲ್ಲಿ ಅವನ ನೀಲಿ ಅಂಗಿಯೇ ಇರುತ್ತಿತ್ತು. ಬಲತುದಿಯಲ್ಲಿ ಅವನಿಲ್ಲದ, ತುದಿ ಕತ್ತರಿಸದ ಫೋಟೊ ಅದೊಂದೇ.

“ಆವತ್ತು ಇಷ್ಟು ಗಾಳಿ ಇತ್ತೋ ಇಲ್ವೋ,” ಎಂದಳು ಅವಳು, ಕೊನೆಯ ಹಗ್ಗ ಹಿಡಿದವಳಂತೆ.

“ಇತ್ತು. ಅವನ ಅಂಗಿ ಬಡ್ಕೋತಿತ್ತು.”

ಭಾವ ತಿರುಗಿದರು. ಬಂಡೆಯ ಅಂಚಿಗೆ ನಡೆದುಹೋದರು. ಅವಳು ಹೆದರಿ ಹಿಂದೆಯೇ ಹೋಗಿ ಅವರ ಅಂಗಿ ಹಿಡಿದುಕೊಂಡಳು. ಅವರು ಕೆಳಗಿನ ನೀರನ್ನು ನೋಡುತ್ತ, ಪಕ್ಕದ ಕೋಣೆಯಿಂದ ಕರೆದವನಿಗೆ ಓಗೊಡುವ ಹಾಗೆ, ಮೆಲ್ಲಗೆ ಕೇಳಿದರು:

“ಏನೋ?”

ಕೆಳಗೆ ಅಲೆ ಬಂಡೆಗೆ ಬಂದು ಹಿಂದಕ್ಕೆ ಹೋಯಿತು.

ಮನೆಗೆ ಬಂದು ಅತ್ತೆಗೆ ಅವಳೇ ಹೇಳಿದಳು, ಆ ಗೀರು ಪಟ್ಟಿಯದು, ಅವನು ಮರದವರೆಗೆ ತಲುಪಿಯೇ ಇರಲಿಲ್ಲ ಎಂದು. ಅತ್ತೆ ಎಲ್ಲವನ್ನೂ ಕೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, “ಸರಿ. ಇನ್ನು ಅಳಬಹುದು,” ಎಂದರು. ಮೂವರೂ ಅತ್ತರು. ಒಲೆ ಆ ದಿನ ಹೊತ್ತಲಿಲ್ಲ.

ಅವಳು ಆಚೆ ದಡದ ಕೆಲಸಕ್ಕೆ ಹೋದಳು. ಹೋಗುವ ಮುಂಚೆ ಭಾವ ತಮ್ಮನ ಆ ಕೊನೆಯ ಫೋಟೊದ ಬಲತುದಿಯನ್ನು ಕತ್ತರಿಸಿ, ಉಳಿದದ್ದನ್ನು ಅವಳ ಫೋನಿಗೆ ಕಳಿಸಿದರು. ಅದರಲ್ಲಿ ಅವನು ಒಂದೇ ಕಡೆ ಇದ್ದಾನೆ, ನಗುತ್ತಿದ್ದಾನೆ. ಹೊಸ ಜಾಗದಲ್ಲೂ ತಾರಸಿಯಿದೆ, ಚಾದರಗಳ ಸಾಲಿದೆ. ಕೆಲವೊಮ್ಮೆ ಸಾಲಿನಾಚೆ ಕಾಲು ಓಡಿದ ಹಾಗಾಗುತ್ತದೆ. ಅವಳು ಚಾದರ ಸರಿಸಿ ನೋಡಲು ಹೋಗುವುದಿಲ್ಲ. “ನಿಧಾನ, ನೆಲ ಒದ್ದೆ ಇದೆ,” ಎನ್ನುತ್ತಾಳೆ.

ಭಾವ ಈಗ ಫೋಟೊ ತೆಗೆಯುವುದಿಲ್ಲ. ಜೆಟ್ಟಿಯಲ್ಲಿ ಬೋಟಿನ ಹಗ್ಗ ಕಟ್ಟುವ ಕೆಲಸ ಮಾಡುತ್ತಾರೆ. ಬೋಟಿನಿಂದ ಇಳಿದವರು ಗುಡ್ಡದ ಕಡೆ ಹೊರಟರೆ ತಾವೂ ಜೊತೆಗೆ ಹತ್ತುತ್ತಾರೆ. ಅವರು ಒಬ್ಬರ ಫೋಟೊ ಒಬ್ಬರು ತೆಗೆಯುವಷ್ಟು ಹೊತ್ತು, ಅವರ ಬೆನ್ನ ಹಿಂದಿನ ಬಂಡೆಯ ಅಂಚಿನಲ್ಲಿ, ಕಡಲಿಗೆ ಬೆನ್ನು ಮಾಡಿ, ಎರಡೂ ಕೈ ಚಾಚಿಕೊಂಡು ನಿಂತಿರುತ್ತಾರೆ.